ಅಪ್ಪ-ಅಮ್ಮ ನಮ್ಮ ವಯಸ್ಸಿನಲ್ಲಿದ್ದಾಗ: ಎರಡು ತಲೆಮಾರಿನ ಮನೆಲೆಕ್ಕವನ್ನು ಹೋಲಿಸುವ ಬಗೆ

ಮೂವತ್ತೈದರ ಆಸುಪಾಸಿನಲ್ಲಿರುವ ಬೆಂಗಳೂರಿಗರ ಮನೆಗಳಲ್ಲಿ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ‘ಅಪ್ಪ ಒಬ್ಬರ ಸಂಬಳದಲ್ಲೇ ಸೈಟು ತೆಗೆದುಕೊಂಡು ಮನೆ ಕಟ್ಟಿಸಿದರು, ನಾವಿಬ್ಬರೂ ದುಡಿದರೂ ನಮ್ಮ ಕೈಲಿ ಆಗುತ್ತಿಲ್ಲ’ ಎಂಬುದು ಮಕ್ಕಳ ಮಾತು. ‘ನಿಮಗೆ ಬರುವ ಸಂಬಳ ಆಗ ನಮಗೆ ಬಂದಿದ್ದರೆ ಏನೆಲ್ಲ ಮಾಡಿರುತ್ತಿದ್ದೆವೋ’ ಎಂಬುದು ಹೆತ್ತವರ ಮಾತು. ಎರಡೂ ನಿಜವೇ ಆಗಿರಲು ಸಾಧ್ಯವಿದೆ. ಏಕೆಂದರೆ ಮಕ್ಕಳು ಭೂಮಿಯ ಬೆಲೆಯಿಂದ ಅಳೆಯುತ್ತಿದ್ದಾರೆ, ಹೆತ್ತವರು ಸಂಬಳದ ಅಂಕಿಯಿಂದ ಅಳೆಯುತ್ತಿದ್ದಾರೆ. ಈ ವಾದವನ್ನು ಊಟದ ಹೊತ್ತಿನಿಂದ ಒಂದು ನೋಟುಪುಸ್ತಕಕ್ಕೆ ವರ್ಗಾಯಿಸಿ, ಎರಡು ಸಂಸಾರಗಳ ಲೆಕ್ಕವನ್ನು ಎದುರುಬದುರು ಬರೆದು ನೋಡುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಲಾಗಿದೆ. ಒಂದು ಭಾನುವಾರದ ಮಧ್ಯಾಹ್ನ ಮತ್ತು ಹಳೆಯ ಬೀರುವಿನ ಕೀಲಿ, ಇವೆರಡಿದ್ದರೆ ಕೆಲಸ ಶುರುಮಾಡಬಹುದು.

ಮೊದಲು ವರ್ಷವನ್ನು ನಿಶ್ಚಯಿಸಿಕೊಳ್ಳಿ

ನಿಮ್ಮ ಈಗಿನ ವಯಸ್ಸಿನಲ್ಲಿ ತಂದೆಯೋ ತಾಯಿಯೋ ಇದ್ದ ವರ್ಷ ಯಾವುದೆಂದು ಕಂಡುಹಿಡಿಯುವುದು ಸುಲಭ. ಆದರೆ ವಯಸ್ಸು ಒಂದೇ ಆದ ಮಾತ್ರಕ್ಕೆ ಬದುಕಿನ ಹಂತವೂ ಒಂದೇ ಆಗಿರುವುದಿಲ್ಲ. ಎಸ್ಸೆಸ್ಸೆಲ್ಸಿಯ ನಂತರ ಐಟಿಐ ತರಬೇತಿ ಮುಗಿಸಿ 20ನೇ ವಯಸ್ಸಿಗೆ ಕಾರ್ಖಾನೆ ಸೇರಿದ ತಂದೆ 35ನೇ ವಯಸ್ಸಿಗೆ ಹದಿನೈದು ವರ್ಷ ದುಡಿದಿರುತ್ತಾರೆ. ಎಂಜಿನಿಯರಿಂಗ್ ಮತ್ತು ಅದರ ಮೇಲೊಂದು ಪದವಿ ಮುಗಿಸಿ 25ಕ್ಕೆ ಕೆಲಸ ಸೇರಿದ ಮಗಳು ಅದೇ ವಯಸ್ಸಿಗೆ ದುಡಿದಿರುವುದು ಹತ್ತೇ ವರ್ಷ. ಆದ್ದರಿಂದ ವಯಸ್ಸಿನ ಹೋಲಿಕೆಯ ಪಕ್ಕದಲ್ಲಿಯೇ, ಮೊದಲ ಸಂಬಳ ಕೈಗೆ ಬಂದು ಎಷ್ಟು ವರ್ಷವಾಗಿತ್ತು, ಹಿರಿಯ ಮಗುವಿಗೆ ಎಷ್ಟು ವಯಸ್ಸಾಗಿತ್ತು ಎಂಬ ಇನ್ನೆರಡು ಕಾಲಂಗಳನ್ನು ಹಾಕಿಕೊಳ್ಳಿ. ಎಷ್ಟೋ ಮನೆಗಳಲ್ಲಿ ‘ನಾನು ಹಿಂದುಳಿದಿದ್ದೇನೆ’ ಎಂಬ ಭಾವನೆಯ ಒಂದು ಭಾಗ ಈ ಐದು ವರ್ಷದ ವ್ಯತ್ಯಾಸದಲ್ಲಿಯೇ ಕರಗಿಹೋಗುತ್ತದೆ.

ಸಿಕ್ಕ ವರ್ಷ ಅಸಹಜವಾಗಿದ್ದರೆ ಅದನ್ನು ಒಂಟಿಯಾಗಿ ಹಿಡಿಯಬೇಡಿ. 1991ರ ಜುಲೈನಲ್ಲಿ ರೂಪಾಯಿಯ ಅಪಮೌಲ್ಯವಾಯಿತು, ಆ ಆರ್ಥಿಕ ವರ್ಷದಲ್ಲಿ ಬೆಲೆಗಳು ಶೇ. 13ಕ್ಕಿಂತ ಹೆಚ್ಚು ಏರಿದವು. 2020–21 ಕೋವಿಡ್‌ನ ವರ್ಷ. ಇಂಥ ಸಂದರ್ಭದಲ್ಲಿ ಹಿಂದಿನ ಮತ್ತು ಮುಂದಿನ ವರ್ಷವನ್ನೂ ಸೇರಿಸಿ ಮೂರರ ಸರಾಸರಿ ತೆಗೆಯುವುದು ಲೇಸು.

ಅಂಕಿಗಳನ್ನು ಕೇಳುವುದು, ಹುಡುಕುವುದು

‘ಆಗ ನಿಮ್ಮ ಸಂಬಳ ಎಷ್ಟಿತ್ತು?’ ಎಂಬ ಪ್ರಶ್ನೆಯಿಂದ ಆರಂಭಿಸಿದರೆ ತಂದೆಗೆ ಅದು ತನಿಖೆಯಂತೆ ಕೇಳಿಸುತ್ತದೆ. ನೆನಪಿನಿಂದ ಹೇಳಿದ ಸಂಬಳದ ಅಂಕಿ ಹೆಚ್ಚಾಗಿ ತಪ್ಪೂ ಆಗಿರುತ್ತದೆ, ಏಕೆಂದರೆ ಸಂಬಳ ವರ್ಷವರ್ಷವೂ ಬದಲಾಗುತ್ತಿತ್ತು. ಮನೆ ಬಾಡಿಗೆ, ಕೊಟ್ಟ ಅಡ್ವಾನ್ಸು, ಹಾಲಿನ ಬೆಲೆ, ನಿಮ್ಮನ್ನು ಶಾಲೆಗೆ ಸೇರಿಸಿದಾಗ ಕಟ್ಟಿದ ಫೀಸು, ಇವು ಘಟನೆಗಳಿಗೆ ಅಂಟಿಕೊಂಡ ಅಂಕಿಗಳು. ನೆನಪಿನಲ್ಲಿ ಗಟ್ಟಿಯಾಗಿ ಉಳಿದಿರುತ್ತವೆ. ‘ಅಪ್ಪ, ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಿದ ವರ್ಷ ನಾವಿದ್ದ ಮನೆಗೆ ಬಾಡಿಗೆ ಎಷ್ಟಿತ್ತು?’ ಎಂದು ಕೇಳಿದರೆ ಉತ್ತರ ಬರುತ್ತದೆ, ಜತೆಗೆ ಇನ್ನೂ ನಾಲ್ಕು ವಿವರಗಳು ತಾವಾಗಿ ಬರುತ್ತವೆ. ಅಮ್ಮನನ್ನು ಪ್ರತ್ಯೇಕವಾಗಿ ಕೇಳುವುದು ಅವಶ್ಯ. ಚೀಟಿ ಎಷ್ಟಕ್ಕೆ ಕೂಗಿದರು, ಯಾವ ತಿಂಗಳು ಬಳೆ ಗಿರವಿ ಅಂಗಡಿಗೆ ಹೋಯಿತು, ಯಾರಿಂದ ಕೈಸಾಲ ತಂದರು ಎಂಬ ವಿಚಾರಗಳು ಮನೆಯ ಯಜಮಾನರಿಗೆ ಪೂರ್ತಿಯಾಗಿ ಗೊತ್ತಿರದ ಕುಟುಂಬಗಳು ಬಹಳ.

ಕಾಗದಗಳ ಪೈಕಿ ಸಂಬಳದ ಚೀಟಿ, ಬ್ಯಾಂಕು ಮತ್ತು ಅಂಚೆ ಕಚೇರಿಯ ಪಾಸ್‌ಬುಕ್ಕು, ಭವಿಷ್ಯ ನಿಧಿಯ ವಾರ್ಷಿಕ ಸ್ಲಿಪ್ಪು, ಎಲ್‌ಐಸಿ ಬಾಂಡು, ಸೊಸೈಟಿ ಸಾಲದ ಪುಸ್ತಕ, ಬಾಡಿಗೆ ಕರಾರು, ಕ್ರಯಪತ್ರ ಇವನ್ನು ಹುಡುಕಿ. ಮದುವೆಯ ಮುಯ್ಯಿ ಪುಸ್ತಕವನ್ನೂ ಬಿಡಬೇಡಿ. ಯಾರು ಎಷ್ಟು ಕೊಟ್ಟರು ಎಂಬುದರಿಂದ ಆ ಕಾಲದಲ್ಲಿ ಐವತ್ತು ರೂಪಾಯಿಗೆ ಇದ್ದ ತೂಕ ಏನೆಂಬುದು ಯಾವ ಸೂಚ್ಯಂಕಕ್ಕಿಂತಲೂ ಚೆನ್ನಾಗಿ ತಿಳಿಯುತ್ತದೆ. ಕ್ರಯಪತ್ರದ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು: ಮುದ್ರಾಂಕ ಶುಲ್ಕ ಉಳಿಸುವ ಸಲುವಾಗಿ ಪತ್ರದಲ್ಲಿ ಕಡಿಮೆ ಮೊತ್ತ ಬರೆಸುವ ರೂಢಿ ವ್ಯಾಪಕವಾಗಿತ್ತು. ಆದ್ದರಿಂದ ಪತ್ರದಲ್ಲಿರುವ ಅಂಕಿಯನ್ನೂ ನಿಜವಾಗಿ ಕೊಟ್ಟ ಹಣವನ್ನೂ ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಿ. ಹೋಲಿಕೆಗೆ ಬೇಕಾದುದು ಎರಡನೆಯದು.

ಹಳೆಯ ರೂಪಾಯಿಯನ್ನು ಇಂದಿನ ರೂಪಾಯಿಯಾಗಿಸುವುದು

ಇದಕ್ಕೆ ಕೇಂದ್ರದ ಕಾರ್ಮಿಕ ಬ್ಯೂರೋ ಪ್ರತಿ ತಿಂಗಳು ಪ್ರಕಟಿಸುವ ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವೇ ಯೋಗ್ಯ ಸಾಧನ. ಕೇಂದ್ರ ಸರ್ಕಾರಿ ನೌಕರರ ತುಟ್ಟಿಭತ್ಯೆ ನಿರ್ಧಾರವಾಗುವುದೂ ಇದೇ ಸೂಚ್ಯಂಕದಿಂದ. ಇದರ ಮೂಲವರ್ಷ (ಸೂಚ್ಯಂಕವನ್ನು 100 ಎಂದು ಹಿಡಿದ ವರ್ಷ) 1982ರಿಂದ 2001ಕ್ಕೆ, ಅಲ್ಲಿಂದ 2016ಕ್ಕೆ ಬದಲಾಗಿರುವುದರಿಂದ ಜೋಡಿಸುವ ಗುಣಕಗಳನ್ನು ಬಳಸಬೇಕಾಗುತ್ತದೆ: 2016ರ ಸರಣಿಯ ಅಂಕಿಯನ್ನು 2.88ರಿಂದ ಗುಣಿಸಿದರೆ 2001ರ ಸರಣಿಯ ಅಂಕಿ ಬರುತ್ತದೆ, ಅದನ್ನು 4.63ರಿಂದ ಗುಣಿಸಿದರೆ 1982ರ ಸರಣಿಯ ಅಂಕಿ ಬರುತ್ತದೆ. 2024ರ ಡಿಸೆಂಬರ್‌ನ ಅಖಿಲ ಭಾರತ ಸೂಚ್ಯಂಕ 143.7, ಎರಡೂ ಗುಣಕಗಳಿಂದ ಗುಣಿಸಿದರೆ ಸುಮಾರು 1,916. ಅದೇ 1982ರ ಸರಣಿಯಲ್ಲಿ 1995–96ರ ಸರಾಸರಿ 313 ಆಗಿತ್ತು. 1,916 ಅನ್ನು ಇದರಿಂದ ಭಾಗಿಸಿದರೆ 6.1 ಸಿಗುತ್ತದೆ, ಅಂದರೆ ಅಂದಿನ ನೂರು ರೂಪಾಯಿಯ ಸಾಮಾನಿಗೆ ಇಂದು ಸುಮಾರು 610 ರೂಪಾಯಿ ಬೇಕು. 1991–92ರ ಸರಾಸರಿ 219 ಆದ್ದರಿಂದ ಆ ವರ್ಷಕ್ಕೆ ಗುಣಕ ಸುಮಾರು 8.7 ಆಗುತ್ತದೆ.

ಆದಾಯ ತೆರಿಗೆಯವರ ವೆಚ್ಚ ಹಣದುಬ್ಬರ ಸೂಚ್ಯಂಕ ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆಂದು ಅದನ್ನು ಈ ಕೆಲಸಕ್ಕೆ ಬಳಸುವವರಿದ್ದಾರೆ. ಅದನ್ನು ರೂಪಿಸಿದ್ದು ಬಂಡವಾಳ ಲಾಭದ, ಅಂದರೆ ಆಸ್ತಿ ಮಾರಿದಾಗ ಬರುವ ಲಾಭದ ಲೆಕ್ಕಕ್ಕಾಗಿ. ಬೆಲೆ ಏರಿಕೆಯ ಮುಕ್ಕಾಲು ಭಾಗವನ್ನು ಮಾತ್ರ ಅದು ಪರಿಗಣಿಸುವುದರಿಂದ ಹಳೆಯ ಸಂಬಳವನ್ನು ಇದ್ದುದಕ್ಕಿಂತ ಸಣ್ಣದಾಗಿ ತೋರಿಸುತ್ತದೆ.

ಒಂದೇ ಸಂಸಾರ, ಮೂರು ಉತ್ತರ

ಈಗ ಲೆಕ್ಕದ ಸಲುವಾಗಿ ಎರಡು ಸಂಸಾರಗಳನ್ನು ಕಲ್ಪಿಸಿಕೊಳ್ಳೋಣ. 1995–96ರಲ್ಲಿ 36 ವರ್ಷದ ತಂದೆ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಕೈಗೆ 5,500 ರೂಪಾಯಿ ಪಡೆಯುತ್ತಿದ್ದರು, ತಾಯಿ ಮನೆಯಲ್ಲೇ ಹೊಲಿಗೆಯಿಂದ 500 ರೂಪಾಯಿ ಗಳಿಸುತ್ತಿದ್ದರು, ಒಟ್ಟು 6,000. 2025ರಲ್ಲಿ ಅದೇ ವಯಸ್ಸಿನ ಮಗಳು ಕೈಗೆ 90,000, ಅಳಿಯ 70,000, ಒಟ್ಟು 1,60,000 ತರುತ್ತಾರೆ. ಇವು ಹಿಡಿದುಕೊಂಡ ಅಂಕಿಗಳು. ನೀವು ನಿಮ್ಮವನ್ನು ಹಾಕಿಕೊಳ್ಳಬೇಕು. ತೆರಿಗೆ ಕಳೆದ ಮೇಲಿನ ಮೊತ್ತವನ್ನೇ ಎರಡೂ ಕಡೆ ಹಿಡಿಯಿರಿ.

ಬೆಲೆ ಸೂಚ್ಯಂಕದಿಂದ ಅಳೆದರೆ ಅಂದಿನ 6,000 ಇಂದಿನ 36,600ಕ್ಕೆ ಸಮ. ಮಗಳ ಸಂಸಾರ ನಾಲ್ಕು ಪಟ್ಟಿಗಿಂತ ಹೆಚ್ಚು ಅನುಕೂಲದಲ್ಲಿದೆ. ಚಿನ್ನದಿಂದ ಅಳೆದು ನೋಡಿ: 1995ರಲ್ಲಿ 10 ಗ್ರಾಂಗೆ ಸುಮಾರು 4,700 ರೂಪಾಯಿ ಇದ್ದುದರಿಂದ ಒಂದು ತಿಂಗಳ ಆದಾಯಕ್ಕೆ ಸುಮಾರು 12.8 ಗ್ರಾಂ ಬರುತ್ತಿತ್ತು. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಒಂದು ಲಕ್ಷ ಮುಟ್ಟಿದ ಮೇಲೆ 1,60,000ಕ್ಕೆ ಬರುವುದು 16 ಗ್ರಾಂ. ಈ ಅಳತೆಯಲ್ಲಿ ಮಗಳ ಸಂಸಾರ ಕಾಲು ಭಾಗದಷ್ಟು ಮಾತ್ರ ಮುಂದಿದೆ. ಇನ್ನು ಭೂಮಿ: ಊರಂಚಿನ 30×40 ಸೈಟನ್ನು ಅಂದು ಒಂದೂವರೆ ಲಕ್ಷಕ್ಕೆ, ಅಂದರೆ ಚದರ ಅಡಿಗೆ 125 ರೂಪಾಯಿಯಂತೆ ಕೊಂಡಿದ್ದರೆ ತಿಂಗಳ ಆದಾಯಕ್ಕೆ 48 ಚದರ ಅಡಿ ಸಿಗುತ್ತಿತ್ತು, ಇಂದಿನ ಊರಂಚಿನಲ್ಲಿ ಚದರ ಅಡಿಗೆ 5,000 ಎಂದು ಹಿಡಿದರೆ ಸಿಗುವುದು 32 ಚದರ ಅಡಿ. ಇಲ್ಲಿ ಮಗಳು ತಂದೆಗಿಂತ ಹಿಂದಿದ್ದಾಳೆ.

ಮೂರೂ ಉತ್ತರಗಳು ಸರಿಯಾದವೇ. ಅಕ್ಕಿ, ಬಟ್ಟೆ, ಟೀವಿ, ಫೋನು, ಪ್ರಯಾಣದಂಥವುಗಳ ಮಟ್ಟಿಗೆ ಮೊದಲನೆಯದು ಹೊಂದುತ್ತದೆ. ಮಗಳ ಮದುವೆಗೆಂದು ಒಡವೆ ಕೂಡಿಡುವವರಿಗೆ ಎರಡನೆಯದು, ಸ್ವಂತ ಮನೆಯ ಕನಸಿನವರಿಗೆ ಮೂರನೆಯದು ಹೊಂದುತ್ತದೆ. ಆದ್ದರಿಂದ ‘ಯಾರು ಚೆನ್ನಾಗಿದ್ದರು’ ಎಂಬ ಒಂದೇ ಅಂಕಿಯನ್ನು ಹುಡುಕುವ ಬದಲು, ನೋಟುಪುಸ್ತಕದಲ್ಲಿ ಪ್ರತಿಯೊಂದು ದೊಡ್ಡ ಖರ್ಚಿನ ಎದುರು ‘ಎಷ್ಟು ತಿಂಗಳ ಸಂಸಾರದ ಆದಾಯ’ ಎಂದು ಬರೆಯಿರಿ: ಬಾಡಿಗೆ, ಅಡ್ವಾನ್ಸು, ಸ್ಕೂಟರು, ಒಂದು ವರ್ಷದ ಶಾಲೆಯ ಫೀಸು, ಒಂದು ಹೆರಿಗೆ, ಒಂದು ಮದುವೆ. ರೂಪಾಯಿಗಿಂತ ತಿಂಗಳುಗಳ ಭಾಷೆ ತಂದೆ-ತಾಯಿಗೂ ಬೇಗ ಅರ್ಥವಾಗುತ್ತದೆ. ಶಾಲೆಯ ಫೀಸಿನ ಸಾಲನ್ನು ತುಂಬುವಾಗ ಇಂದಿನ ಬಹುಪಾಲು ಪೋಷಕರು ಒಂದು ಕ್ಷಣ ಪೆನ್ನು ಕೆಳಗಿಡುತ್ತಾರೆ ಎಂಬುದು ನನ್ನ ಅನುಮಾನ.

ಒಂದೇ ಹುದ್ದೆಯನ್ನು ಎರಡು ಕಾಲದಲ್ಲಿ ಹೋಲಿಸುವುದೂ ಒಳ್ಳೆಯ ಪರೀಕ್ಷೆ. ಕೇಂದ್ರ ಸರ್ಕಾರದ ಅತ್ಯಂತ ಕೆಳಗಿನ ಹುದ್ದೆಗೆ ಐದನೇ ವೇತನ ಆಯೋಗದ ಪ್ರಕಾರ 1996ರ ಜನವರಿಯಿಂದ ಮೂಲವೇತನ 2,550 ರೂಪಾಯಿ ಇತ್ತು. ಏಳನೇ ವೇತನ ಆಯೋಗದ 18,000ಕ್ಕೆ 2025ರ ಜನವರಿಯಲ್ಲಿದ್ದ ಶೇ. 55ರ ತುಟ್ಟಿಭತ್ಯೆ ಸೇರಿಸಿದರೆ 27,900 ಆಗುತ್ತದೆ. ಹನ್ನೊಂದು ಪಟ್ಟು ಏರಿಕೆ. ಬೆಲೆ ಏರಿಕೆಯನ್ನು ಕಳೆದರೆ ಒಂದೂಮುಕ್ಕಾಲು ಪಟ್ಟು. ಅದೇ ಕುರ್ಚಿಯಲ್ಲಿ ಕುಳಿತವನ ಬದುಕು ಇಷ್ಟು ಸುಧಾರಿಸಿದೆ. ನಿಮ್ಮ ಆದಾಯ ನಾಲ್ಕು ಪಟ್ಟಾಗಿದ್ದರೆ ಅದರ ಉಳಿದ ಭಾಗ ಬಂದದ್ದು ಬೇರೆ ಕುರ್ಚಿಗೆ ಹೋದದ್ದರಿಂದ, ಇಬ್ಬರು ದುಡಿಯುತ್ತಿರುವುದರಿಂದ. ಬೇರೆ ಕುರ್ಚಿಗೆ ಒಯ್ದ ಓದಿನ ಫೀಸನ್ನು ಕಟ್ಟಿದವರು ಯಾರು ಎಂಬುದನ್ನು ಅವರ ಖರ್ಚಿನ ಕಾಲಂನಲ್ಲಿ ಮರೆಯದೆ ಬರೆಯಬೇಕು. ಅವರ ಪಾಲಿಗೆ ಖರ್ಚಾಗಿ ಹೋದದ್ದು ನಿಮ್ಮ ಪಾಲಿಗೆ ಆಸ್ತಿಯಾಗಿ ಕುಳಿತಿದೆ, ಯಾವ ಪಾಸ್‌ಬುಕ್ಕಿನಲ್ಲೂ ಅದು ಕಾಣುವುದಿಲ್ಲ.

ಸೈಟಿನ ಲೆಕ್ಕ

ಬೆಂಗಳೂರಿನಲ್ಲಿ ಈ ಹೋಲಿಕೆ ಹಳಿ ತಪ್ಪುವುದು ಹೆಚ್ಚಾಗಿ ಭೂಮಿಯ ವಿಚಾರದಲ್ಲಿ. ತಂದೆ ಮನೆ ಕಟ್ಟಿಸಿದ ಬಡಾವಣೆಯಲ್ಲಿ ಇಂದು ಒಂದು ಸೈಟು ಕೊಳ್ಳಲು ಎಷ್ಟು ಬೇಕು ಎಂದು ವಿಚಾರಿಸಿ, ಆ ಅಂಕಿಯನ್ನು ತಮ್ಮ ಸಂಬಳದ ಪಕ್ಕ ಇಟ್ಟು ನಿಟ್ಟುಸಿರು ಬಿಡುವವರೇ ಹೆಚ್ಚು. ಆ ಬಡಾವಣೆ ಅಂದು ಏನಾಗಿತ್ತು ಎಂಬುದನ್ನು ಮೊದಲು ಕೇಳಬೇಕು. 1991ರ ಜನಗಣತಿಯಲ್ಲಿ ಬೆಂಗಳೂರು ನಗರ ಸಮೂಹದ ಜನಸಂಖ್ಯೆ ಸುಮಾರು 41 ಲಕ್ಷ; 2001ರಲ್ಲಿ 57 ಲಕ್ಷ; 2011ರಲ್ಲಿ 85 ಲಕ್ಷ. ಇಂದು ಊರಿನ ಒಳಗೇ ಸೇರಿಹೋಗಿರುವ ಬನಶಂಕರಿ 3ನೇ ಹಂತ, ನಾಗರಬಾವಿ, ಬಿಟಿಎಂ, ಎಚ್‌ಎಸ್‌ಆರ್ ಬಡಾವಣೆಗಳಿಗೆ ಅಂದು ಮನೆ ಕಟ್ಟಿಕೊಂಡು ಹೋದವರನ್ನು ಬಂಧುಗಳು ‘ಅಷ್ಟು ದೂರವೇ’ ಎಂದು ಕೇಳುತ್ತಿದ್ದರು. ಬಿಟಿಎಸ್ (ಆಗಿನ ನಗರ ಸಾರಿಗೆ) ಬಸ್ಸಿಗೆ ಕಾಯುವುದು, ಕೊಳವೆಬಾವಿಯ ನೀರು, ಡಾಂಬರು ಕಾಣದ ರಸ್ತೆ, ಎಲ್ಲವೂ ಆ ಬೆಲೆಯಲ್ಲಿ ಸೇರಿತ್ತು. ಆದ್ದರಿಂದ ಅಂದಿನ ಊರಂಚನ್ನು ಇಂದಿನ ಊರಂಚಿನೊಂದಿಗೆ ಹೋಲಿಸುವುದೇ ನ್ಯಾಯ: ಅಂಜನಾಪುರದ ಆಚೆ, ಕೆಂಗೇರಿಯ ಆಚೆ, ಆನೇಕಲ್ ಕಡೆ, ಹೊಸಕೋಟೆ ಕಡೆ, ದೇವನಹಳ್ಳಿ ಕಡೆ.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ತಂದೆಯ ಸೈಟು 25 ತಿಂಗಳ ಆದಾಯಕ್ಕೆ ಬಂದಿತ್ತು. ಅದೇ ಬೀದಿಯ ಸೈಟಿಗೆ ಇಂದು ಚದರ ಅಡಿಗೆ 15,000ದಂತೆ 1 ಕೋಟಿ 80 ಲಕ್ಷವಾದರೆ, ಅದು ಮಗಳ 112 ತಿಂಗಳ ಆದಾಯ. ಇಂದಿನ ಊರಂಚಿನ ಸೈಟು 60 ಲಕ್ಷವಾದರೆ, 38 ತಿಂಗಳು. ಮಗಳ ನಿಜವಾದ ಕಷ್ಟ 25 ಮತ್ತು 38ರ ನಡುವಿನ ಅಂತರ. ಅದು ಸಣ್ಣದೇನಲ್ಲ, ಆದರೆ 112 ಎಂಬ ಅಂಕಿ ಹುಟ್ಟಿಸುವ ಹತಾಶೆಗೆ ಅದು ಸಮನಲ್ಲ.

ಇನ್ನೊಂದು ಭಾಗಾಕಾರವನ್ನೂ ಮಾಡಬೇಕು. ತಂದೆಯ ಒಂದೂವರೆ ಲಕ್ಷವನ್ನು 6.1ರಿಂದ ಗುಣಿಸಿದರೆ 9 ಲಕ್ಷ 15 ಸಾವಿರ. ಇಂದಿನ 1 ಕೋಟಿ 80 ಲಕ್ಷದಲ್ಲಿ ಅವರ ಉಳಿತಾಯದ ಪಾಲು ಇಷ್ಟು; ಮಿಕ್ಕ 1 ಕೋಟಿ 70 ಲಕ್ಷಕ್ಕೂ ಹೆಚ್ಚಿನದು ಊರು ಬೆಳೆದು ತಂದದ್ದು. ಒಡವೆ ಗಿರವಿ ಇಟ್ಟು, ಸೊಸೈಟಿ ಸಾಲ ತೆಗೆದು ಸೈಟು ಮಾಡಿದ ಅವರ ಶ್ರಮ ನಿಜವಾದದ್ದು, ಅದನ್ನು ಕಿರಿದು ಮಾಡುವ ಮಾತು ಇದಲ್ಲ. ಆದರೆ ಅದೇ ಶ್ರಮವನ್ನು ಬೆಳೆಯದ ಇನ್ನೊಂದು ಪಟ್ಟಣದಲ್ಲಿ ಹಾಕಿದ್ದ ಅವರ ಅಣ್ಣನಿಗೆ ಇಂಥ ಫಲ ಸಿಗಲಿಲ್ಲ ಎಂಬುದು ಬಹಳ ಮನೆಗಳಲ್ಲಿ ಕಣ್ಣೆದುರಿನ ಸಂಗತಿ. ನೀವು ಕಲಿಯಬಹುದಾದದ್ದು ಅವರ ಉಳಿತಾಯದ ಪ್ರಮಾಣದಿಂದ. ಊರಿನ ಬೆಳವಣಿಗೆಯನ್ನು ಮತ್ತೆ ಅದೇ ವೇಗದಲ್ಲಿ ನಿರೀಕ್ಷಿಸಿ ಇಂದು ಸಾಲ ಮಾಡುವುದು ಬೇರೆಯೇ ಲೆಕ್ಕ.

ನೀವು ಕೊಂಡಿರುವುದು ಅಪಾರ್ಟ್‌ಮೆಂಟಿನ ಫ್ಲಾಟ್ ಆಗಿದ್ದರೆ, ಅದನ್ನು ತಂದೆಯ ಸೈಟಿನ ಪಕ್ಕ ನೇರವಾಗಿ ಇಡಬೇಡಿ. ನಿಮ್ಮ ಕ್ರಯಪತ್ರದಲ್ಲಿ ಭೂಮಿಯ ಅವಿಭಾಜ್ಯ ಪಾಲು, ಅಂದರೆ ಜನ ಯುಡಿಎಸ್ ಎನ್ನುವುದು, ಎಷ್ಟು ಚದರ ಅಡಿ ಎಂದು ನಮೂದಾಗಿರುತ್ತದೆ. ಫ್ಲಾಟಿನ ವಿಸ್ತೀರ್ಣಕ್ಕಿಂತ ಅದು ಬಹಳ ಕಡಿಮೆ ಇರುತ್ತದೆ. ಕಾಲ ಕಳೆದಂತೆ ಕಟ್ಟಡದ ಬೆಲೆ ಸವೆಯುತ್ತದೆ, ಬೆಳೆಯುವುದು ಭೂಮಿಯ ಬೆಲೆ. ಆ ಪಾಲನ್ನು ಪ್ರತ್ಯೇಕವಾಗಿ ಬರೆದು ಹೋಲಿಸಿ.

ಹೆತ್ತವರ ಮನೆಯನ್ನು ನಿಮ್ಮ ಆಸ್ತಿಯ ಕಾಲಂಗೆ ಸೇರಿಸುವ ಆಸೆ ಹುಟ್ಟಬಹುದು. ಬೇಡ. ಸ್ವಯಾರ್ಜಿತ ಆಸ್ತಿಯನ್ನು ಯಾರಿಗೆ ಕೊಡಬೇಕೆಂಬುದು ಅವರ ಇಚ್ಛೆ. ಉಯಿಲು ಇಲ್ಲದಿದ್ದರೆ ಒಡಹುಟ್ಟಿದವರೆಲ್ಲರಿಗೂ, ಹಿಂದೂ ಕುಟುಂಬಗಳಲ್ಲಿ ಮಗಳಾದರೂ ಮಗನಾದರೂ ಸಮಪಾಲು.

ಸಾಲ, ಬಡ್ಡಿ, ತೆರಿಗೆ

‘ಆಗ ಪಿಪಿಎಫ್‌ಗೆ ಶೇ. 12 ಬಡ್ಡಿ ಬರುತ್ತಿತ್ತು’ ಎಂಬುದು ಹಳೆಯ ಕಾಲದ ಬಗ್ಗೆ ಕೇಳಿಬರುವ ದೊಡ್ಡ ಹೊಗಳಿಕೆ. ಪಿಪಿಎಫ್, ಅಂದರೆ ಸರ್ಕಾರದ ಸಾರ್ವಜನಿಕ ಭವಿಷ್ಯ ನಿಧಿಗೆ ಬಡ್ಡಿ ಅಷ್ಟು ಬರುತ್ತಿದ್ದುದು ನಿಜ. 2000ದ ಜನವರಿಯಲ್ಲಿ ಅದು 11ಕ್ಕೆ ಇಳಿಯಿತು, 2020ರ ಏಪ್ರಿಲ್‌ನಿಂದ 7.1ರಲ್ಲಿದೆ. 1988ರಲ್ಲಿ ಬಂದ ಕಿಸಾನ್ ವಿಕಾಸ ಪತ್ರ ಐದೂವರೆ ವರ್ಷಕ್ಕೆ ಹಣವನ್ನು ಎರಡು ಪಟ್ಟು ಮಾಡುತ್ತಿತ್ತು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಅವಧಿ 115 ತಿಂಗಳು. ಆದರೆ 1995–96ರಲ್ಲಿ ಬೆಲೆಗಳು ಶೇ. 10ರಷ್ಟು ಏರಿದ್ದವು, 2024–25ರಲ್ಲಿ ಏರಿದ್ದು ಶೇ. 5ಕ್ಕಿಂತ ಸ್ವಲ್ಪ ಕಡಿಮೆ. ಬಡ್ಡಿಯಿಂದ ಬೆಲೆ ಏರಿಕೆಯನ್ನು ಕಳೆದರೆ ಅಂದೂ ಇಂದೂ ಉಳಿತಾಯಗಾರರ ಕೈಗೆ ಹತ್ತಿದ್ದು ಎರಡು-ಎರಡೂವರೆ ಶೇಕಡಾ ಅಂಶವೇ. ನೋಟುಪುಸ್ತಕದಲ್ಲಿ ಬಡ್ಡಿಯ ಸಾಲನ್ನು ಬರೆಯುವಾಗ ಈ ಕಳೆದ ಅಂಕಿಯನ್ನೇ ಬರೆಯಿರಿ.

ಗೃಹಸಾಲಕ್ಕೂ ಇದೇ ಎಚ್ಚರಿಕೆ ಬೇಕು. ತೊಂಬತ್ತರ ದಶಕದ ನಡುವಿನಲ್ಲಿ ಹಣಕಾಸು ಸಂಸ್ಥೆಗಳ ಗೃಹಸಾಲದ ಬಡ್ಡಿ ಶೇ. 15ರ ಸುತ್ತಮುತ್ತ ಇತ್ತು. 15 ವರ್ಷದ ಅವಧಿಗೆ ಒಂದು ಲಕ್ಷಕ್ಕೆ ತಿಂಗಳ ಕಂತು ಸುಮಾರು 1,400 ರೂಪಾಯಿ. ಇಂದು ಶೇ. 8.5 ಎಂದು ಹಿಡಿದರೆ 20 ವರ್ಷಕ್ಕೆ ಅದೇ ಕಂತು ಸುಮಾರು 868. ತಂದೆ ಒಂದೂವರೆ ಲಕ್ಷ ಸಾಲ ಮಾಡಿದ್ದರೆ ಕಂತು 2,100, ಅಂದರೆ ಸಂಸಾರದ ಆದಾಯದ ಶೇ. 35, ಮಗಳು ಫ್ಲಾಟಿಗೆಂದು 80 ಲಕ್ಷ ಸಾಲ ಮಾಡಿದರೆ 69,000ಕ್ಕೂ ಮೇಲೆ, ಶೇ. 43. ಮೊದಲ ತಿಂಗಳ ಭಾರದಲ್ಲಿ ವ್ಯತ್ಯಾಸ ಅಷ್ಟೇನೂ ಇಲ್ಲ. ವ್ಯತ್ಯಾಸ ಇರುವುದು ನಂತರದ ವರ್ಷಗಳಲ್ಲಿ: ತುಟ್ಟಿಭತ್ಯೆ ಮತ್ತು ವಾರ್ಷಿಕ ಬಡ್ತಿ ಸೇರಿ ತಂದೆಯ ಸಂಸಾರದ ಆದಾಯ ವರ್ಷಕ್ಕೆ ಶೇ. 10ರಂತೆ ಏರಿದ್ದರೆ, ಏಳು ವರ್ಷದ ಹೊತ್ತಿಗೆ ಅದೇ 2,100 ರೂಪಾಯಿ ಆದಾಯದ ಶೇ. 18ಕ್ಕೆ ಇಳಿದಿರುತ್ತದೆ. ಹಣದುಬ್ಬರವೇ ಅವರ ಸಾಲದ ಅರ್ಧವನ್ನು ತೀರಿಸಿತು ಎನ್ನಬಹುದು. ಖಾಸಗಿ ಕಂಪನಿಯಲ್ಲಿರುವವರು ತಮ್ಮ ಸಂಬಳ ಹಾಗೆ ಖಚಿತವಾಗಿ ಏರುತ್ತದೆಂದು ಹಿಡಿಯದೆ, ಏರದಿದ್ದರೂ ಕಂತು ಕಟ್ಟಬಲ್ಲೆವೇ ಎಂದು ನೋಡಬೇಕು. ತಂದೆಗೆ ಕಾರ್ಖಾನೆಯಿಂದಲೇ ಕಡಿಮೆ ಬಡ್ಡಿಯ ಮನೆ ಮುಂಗಡ ಸಿಕ್ಕಿತ್ತೇ ಎಂದು ಕೇಳುವುದನ್ನು ಮರೆಯಬೇಡಿ. ಸಿಕ್ಕಿದ್ದರೆ ಈ ಲೆಕ್ಕ ಅವರ ಪರವಾಗಿ ಇನ್ನಷ್ಟು ವಾಲುತ್ತದೆ.

ತೆರಿಗೆಯಲ್ಲಿ ಮಾತ್ರ ಇಂದಿನವರು ಸ್ಪಷ್ಟವಾಗಿ ಅನುಕೂಲದಲ್ಲಿದ್ದಾರೆ. 1995–96ರಲ್ಲಿ ವಿನಾಯಿತಿಯ ಮಿತಿ 40,000 ರೂಪಾಯಿ, ಇಂದಿನ ಬೆಲೆಯಲ್ಲಿ ಎರಡೂವರೆ ಲಕ್ಷಕ್ಕಿಂತ ಕಡಿಮೆ, 1,20,000ದಿಂದಾಚೆಗೆ ಶೇ. 40 ತೆರಿಗೆ ಬೀಳುತ್ತಿತ್ತು. 2025–26ರ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ.

ಪಾಸ್‌ಬುಕ್ಕಿನಲ್ಲಿ ಬರೆಯದ ಜಮೆ ಮತ್ತು ಖರ್ಚು

ಊರಿನಿಂದ ಬರುತ್ತಿದ್ದ ರಾಗಿ, ಅಕ್ಕಿ, ಹುಣಸೆಹಣ್ಣು, ತೆಂಗಿನಕಾಯಿಗಳಿಗೆ ಯಾರೂ ಬಿಲ್ಲು ಬರೆಯಲಿಲ್ಲ. ವರ್ಷಕ್ಕೆ ಎಷ್ಟು ಮೂಟೆ ಬರುತ್ತಿತ್ತು ಎಂದು ಅಮ್ಮನನ್ನು ಕೇಳಿ, ಅಂದಿನ ಬೆಲೆ ಕಟ್ಟಿ ಅವರ ಆದಾಯಕ್ಕೆ ಸೇರಿಸಿ. ಪ್ರತಿಯಾಗಿ ತಿಂಗಳು ತಿಂಗಳು ಊರಿಗೆ ಹೋಗುತ್ತಿದ್ದ ಮನಿಯಾರ್ಡರನ್ನು, ತಂಗಿಯರ ಮದುವೆಗೆ ಹೊತ್ತ ಸಾಲವನ್ನು ಖರ್ಚಿಗೆ ಸೇರಿಸಿ. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದ, ಕ್ಯಾಂಟೀನಿನಲ್ಲಿ ಕಡಿಮೆ ದರಕ್ಕೆ ಊಟ ಮಾಡುತ್ತಿದ್ದ, ಕಂಪನಿ ಆಸ್ಪತ್ರೆಯಲ್ಲಿ ಮದ್ದು ಪಡೆಯುತ್ತಿದ್ದ ಕುಟುಂಬಗಳಿಗೆ ಆ ಸೌಲಭ್ಯಗಳೂ ಆದಾಯವೇ.

ಅಮ್ಮನ ದುಡಿಮೆಯ ವಿಷಯ ಇದಕ್ಕಿಂತ ದೊಡ್ಡದು. ‘ಅಪ್ಪ ಒಬ್ಬರ ಸಂಬಳದಲ್ಲಿ’ ಎಂದು ನಾವು ಹೇಳುವಾಗ ಅಡುಗೆ, ಮಕ್ಕಳ ಆರೈಕೆ, ಪಾಠ, ಅತ್ತೆ-ಮಾವಂದಿರ ಶುಶ್ರೂಷೆ, ಹೊಲಿಗೆ, ಹಪ್ಪಳ-ಉಪ್ಪಿನಕಾಯಿ ಎಲ್ಲವನ್ನೂ ಲೆಕ್ಕದಿಂದ ಹೊರಗಿಟ್ಟು ಮಾತಾಡುತ್ತೇವೆ. ಆ ಮನೆಯಲ್ಲೂ ದುಡಿಯುತ್ತಿದ್ದವರು ಇಬ್ಬರು. ಒಬ್ಬರಿಗೆ ಸಂಬಳ ಬರುತ್ತಿರಲಿಲ್ಲ. ಇಂದು ಅದೇ ಕೆಲಸಕ್ಕೆ ಡೇ-ಕೇರ್, ಅಡುಗೆಯವರು, ಮನೆಗೆಲಸದವರು, ಹೊರಗಿನ ಊಟ, ಕ್ಯಾಬು ಎಂದು ತಿಂಗಳಿಗೆ 30,000 ಹೋಗುತ್ತಿದ್ದರೆ ಅದನ್ನು ನಿಮ್ಮ ಆದಾಯದಿಂದ ಕಳೆಯಿರಿ. ಉದಾಹರಣೆಯ ಮಗಳ ಸಂಸಾರ ಆಗ 1,30,000ಕ್ಕೆ ಇಳಿಯುತ್ತದೆ, ಹಿಂದಿನ ನಾಲ್ಕು ಪಟ್ಟು ಮೂರೂವರೆಯಾಗುತ್ತದೆ. ಹಾಗೆಯೇ ಮನೆಯಲ್ಲಿ ಉಣ್ಣುತ್ತಿದ್ದವರ ಸಂಖ್ಯೆಯನ್ನೂ ಬರೆಯಿರಿ. ಅಂದು ಅಜ್ಜಿ ಮತ್ತು ಓದಲೆಂದು ಊರಿನಿಂದ ಬಂದ ಚಿಕ್ಕಪ್ಪ ಸೇರಿ ಆರು ಜನ, ಇಂದು ಮೂವರು ಎಂದಾದರೆ, ತಲೆಗೆ ಬೀಳುವ ಪಾಲು ಏಳು ಪಟ್ಟು ಹೆಚ್ಚಾಗಿದೆ. ಒಂದು ಸಾಲು ಸೇರಿಸಿದಾಗ ಕಡಿಮೆಯಾಗಿ, ಇನ್ನೊಂದು ಸಾಲು ಸೇರಿಸಿದಾಗ ಎರಡರಷ್ಟಾಗುವ ಇಂಥ ಅಂಕಿಯನ್ನು ಹಿಡಿದು ಊಟದ ಹೊತ್ತಿನಲ್ಲಿ ಜಗಳವಾಡುವುದು ಕಷ್ಟ.

ಸಮಯದ ಕಾಲಂ ಒಂದನ್ನು ಹಾಕಿ: ಕೆಲಸಕ್ಕೆ ಹೋಗಿಬರಲು ಹಿಡಿಯುವ ಹೊತ್ತು, ವಾರದಲ್ಲಿ ಮಕ್ಕಳ ಜತೆ ಉಂಡ ರಾತ್ರಿಯೂಟಗಳ ಸಂಖ್ಯೆ. ಹಣಕ್ಕೆ ಇದನ್ನು ಪರಿವರ್ತಿಸಲು ಹೋಗಬೇಡಿ.

ಕೆಲಸದ ಭದ್ರತೆ ಮತ್ತು ಪಿಂಚಣಿ

ಹೆತ್ತವರ ಕಾಲದಲ್ಲಿ ಕೆಲಸ ಕಲ್ಲಿನಂತೆ ಗಟ್ಟಿಯಾಗಿತ್ತು ಎಂಬ ನಂಬಿಕೆಯನ್ನು ಅವರವರ ಕಾರ್ಖಾನೆಯ ಮೇಲೆ ಪರೀಕ್ಷಿಸಬೇಕು. 1980–81ರಲ್ಲಿ ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳ ಮುಷ್ಕರ 77 ದಿನ ನಡೆಯಿತು; ಅಷ್ಟು ದಿನ ಸಂಬಳವಿಲ್ಲದೆ ಸಂಸಾರ ತೂಗಿದವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಒಂದು ಕಾಲಕ್ಕೆ ಕೆಲಸ ಸಿಕ್ಕರೆ ಹೆಣ್ಣು ಕೊಡಲು ಮುಂದಾಗುತ್ತಿದ್ದ ಎಚ್‌ಎಂಟಿಯ ಕೈಗಡಿಯಾರ ಘಟಕಗಳನ್ನು ಮುಚ್ಚುವ ತೀರ್ಮಾನ 2016ರಲ್ಲಿ ಹೊರಬಿತ್ತು, ಅದಕ್ಕೂ ಬಹಳ ಮೊದಲೇ ಸ್ವಯಂ ನಿವೃತ್ತಿ ಪಡೆದವರು ನೂರಾರು. ತಂದೆಯ ಉದ್ಯೋಗದ ಇತಿಹಾಸವನ್ನು ಕೇಳದೆ ‘ಭದ್ರ’ ಎಂಬ ಗುರುತು ಹಾಕಬೇಡಿ.

ಪಿಂಚಣಿಯಲ್ಲಿ ಮಾತ್ರ ಗೆರೆ ಸ್ಪಷ್ಟವಾಗಿದೆ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ಕ್ಕೆ ಮೊದಲು, ಕೇಂದ್ರ ಸೇವೆಗೆ 2004ರ ಜನವರಿ 1ಕ್ಕೆ ಮೊದಲು ಸೇರಿದವರಿಗೆ ತುಟ್ಟಿಭತ್ಯೆ ಸಹಿತ ಏರುವ ಪಿಂಚಣಿ ಇದೆ. ಅಂಥ ಪಿಂಚಣಿ ಇಂದು ತಿಂಗಳಿಗೆ 40,000 ಇದ್ದರೆ, ಅಷ್ಟನ್ನು ಏರಿಕೆಯಿಲ್ಲದೆ ಕೊಡುವ ವರ್ಷಾಶನ (ಒಂದೇ ಸಲ ಹಣ ಕಟ್ಟಿ ಬದುಕಿರುವವರೆಗೂ ನಿಗದಿತ ಮೊತ್ತ ಪಡೆಯುವ ಯೋಜನೆ) ಕೊಳ್ಳಲು ಶೇ. 6ರ ದರದಲ್ಲಿ 80 ಲಕ್ಷ ರೂಪಾಯಿ ಬೇಕು. ಅವರ ಆಸ್ತಿಯ ಕಾಲಂನಲ್ಲಿ ಈ 80 ಲಕ್ಷವನ್ನು ಬರೆದ ಮೇಲೆ, ನಿಮ್ಮ ಭವಿಷ್ಯ ನಿಧಿ, ಎನ್‌ಪಿಎಸ್ (ರಾಷ್ಟ್ರೀಯ ಪಿಂಚಣಿ ಯೋಜನೆ), ಮ್ಯೂಚುವಲ್ ಫಂಡುಗಳನ್ನು ಎದುರಿಗೆ ಬರೆಯಿರಿ. ಸಾರ್ವಜನಿಕ ವಲಯದ ಕಾರ್ಖಾನೆಗಳ ಬಹುಪಾಲು ಕಾರ್ಮಿಕರಿಗೆ ಇಂಥ ಪಿಂಚಣಿ ಇರಲಿಲ್ಲ. ಅವರಿಗೆ ಸಿಕ್ಕಿದ್ದು ಭವಿಷ್ಯ ನಿಧಿ, ಗ್ರಾಚ್ಯುಯಿಟಿ, ಮತ್ತು 1995ರ ನವೆಂಬರ್‌ನಲ್ಲಿ ಆರಂಭವಾದ ಇಪಿಎಸ್ ಎಂಬ ನೌಕರರ ಪಿಂಚಣಿ ಯೋಜನೆಯ ಸಣ್ಣ ಮೊತ್ತ. ಅವರ ಮುಪ್ಪಿನ ಖರ್ಚಿನ ಒಂದು ಭಾಗ ನಿಮ್ಮ ಕಾಲಂಗೆ ಬರುತ್ತದೆ, ಅದನ್ನು ಈಗಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಪುಟ ತುಂಬಿದ ಮೇಲೆ

ಎಲ್ಲ ಸಾಲುಗಳನ್ನೂ ಬರೆದಾದ ಮೇಲೆ ಮೂರನ್ನು ಮಾತ್ರ ಆರಿಸಿ ಕೆಳಗೆ ಗೆರೆ ಎಳೆಯಿರಿ: ಆದಾಯದಲ್ಲಿ ಉಳಿಸುತ್ತಿದ್ದ ಭಾಗ, ಒಟ್ಟು ಸಾಲ ಎಷ್ಟು ತಿಂಗಳ ಆದಾಯಕ್ಕೆ ಸಮ, ಸಂಬಳ ನಿಂತರೆ ಎಷ್ಟು ತಿಂಗಳು ಮನೆ ನಡೆಯುತ್ತದೆ. ಭೂಮಿಯ ಬೆಲೆ, ಬಡ್ಡಿ, ಪಿಂಚಣಿಯ ನಿಯಮಗಳು ನಿಮ್ಮ ಕೈಯಲ್ಲಿಲ್ಲ. ಈ ಮೂರು ಹೆಚ್ಚುಕಡಿಮೆ ನಿಮ್ಮ ಕೈಯಲ್ಲಿವೆ. ಚೀಟಿ, ಆರ್‌ಡಿ, ಎಲ್‌ಐಸಿ ಎಲ್ಲ ಸೇರಿಸಿ ಹೆತ್ತವರು ಆದಾಯದ ಕಾಲು ಭಾಗ ಉಳಿಸುತ್ತಿದ್ದು, ನೀವು ಮೂರೂವರೆ ಪಟ್ಟು ಆದಾಯದಲ್ಲಿ ಹತ್ತನೇ ಒಂದು ಭಾಗ ಉಳಿಸುತ್ತಿದ್ದರೆ, ಬದಲಾಯಿಸಬೇಕಾದ ಸಾಲು ಯಾವುದೆಂದು ಹುಡುಕುವ ಅಗತ್ಯವಿಲ್ಲ. ಅವರು ಎಷ್ಟು ಉಳಿಸಿದರೋ ನೀವೂ ಅಷ್ಟೇ ಉಳಿಸುತ್ತಿದ್ದು, ಸೈಟು ಮಾತ್ರ ಸಿಗದಿದ್ದರೆ, ಸೈಟಿಲ್ಲದ ಯೋಜನೆಯನ್ನು ಹಾಕಿಕೊಳ್ಳಬೇಕು. ಬಾಡಿಗೆಯ ಮನೆಯಲ್ಲಿದ್ದುಕೊಂಡೇ ನಿವೃತ್ತಿಯ ನಿಧಿ ಕಟ್ಟುವುದು ಅಂಥದ್ದೊಂದು ದಾರಿ.

ಬೀರುವಿನಿಂದ ಹೊರತೆಗೆದ ಕಾಗದಗಳನ್ನು ಹಾಗೆಯೇ ಒಳಗೆ ಇಡುವ ಮೊದಲು ಒಂದೊಂದನ್ನೂ ನೋಡಿ. ಮರೆತುಹೋದ ಪಾಸ್‌ಬುಕ್ಕುಗಳು ಇಂಥ ಸಮಯದಲ್ಲಿಯೇ ಸಿಗುತ್ತವೆ. ಹತ್ತು ವರ್ಷ ವ್ಯವಹಾರವಿಲ್ಲದ ಬ್ಯಾಂಕ್ ಠೇವಣಿಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ವರ್ಗವಾಗುತ್ತದೆ, ಆದರೆ ಖಾತೆದಾರರ ಹಕ್ಕು ಹೋಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಆರಂಭಿಸಿದ ಉದ್ಗಮ್ ಜಾಲತಾಣದಲ್ಲಿ ಹೆಸರು ಕೊಟ್ಟು ಹುಡುಕಿ, ಆಯಾ ಬ್ಯಾಂಕಿನ ಶಾಖೆಗೆ ಅರ್ಜಿ ಕೊಟ್ಟು ಮರಳಿ ಪಡೆಯಬಹುದು. ಅವಧಿ ಮುಗಿದ ಎಲ್‌ಐಸಿ ಬಾಂಡುಗಳು, ಹಳೆಯ ಕೆಲಸದ ಭವಿಷ್ಯ ನಿಧಿ ಖಾತೆಗಳು, ನಾಮನಿರ್ದೇಶನವಿಲ್ಲದ ಠೇವಣಿಗಳು ಇದ್ದರೆ ಅವುಗಳ ಪಟ್ಟಿಯನ್ನೂ ಅದೇ ನೋಟುಪುಸ್ತಕದ ಹಿಂದಿನ ಪುಟದಲ್ಲಿ ಬರೆದು, ಅಪ್ಪ-ಅಮ್ಮ ಇಬ್ಬರ ಎದುರಿನಲ್ಲೂ ಓದಿ ಹೇಳಿ, ನಾಮಿನಿಯ ಹೆಸರುಗಳನ್ನು ಸರಿಪಡಿಸುವ ಅರ್ಜಿಗಳಿಗೆ ಆ ವಾರವೇ ಸಹಿ ಮಾಡಿಸಿಕೊಳ್ಳಿ.